ಕ್ಯಾಪ್ಟನ್ ನೀವೇ: ವರ್ಜಿನ್ ದ್ವೀಪಗಳಲ್ಲಿ ಹಾಯಿದೋಣಿ ಬಾಡಿಗೆ ಹಿಡಿದು ಒಂದು ವಾರ ಸುತ್ತುವುದು ಹೇಗೆ

ಈ ಪ್ರಶ್ನೆ ಪದೇ ಪದೇ ಬರುತ್ತದೆ. "ಕ್ಯಾಪ್ಟನ್ ಇಲ್ಲದೆ ಬರೀ ದೋಣಿ ಬಾಡಿಗೆಗೆ ಕೊಡುತ್ತಾರಂತೆ, ನಿಜವಾ? ನಮ್ಮಂಥವರಿಗೂ ಕೊಡುತ್ತಾರಾ? ಎಲ್ಲಿಂದ ಶುರು ಮಾಡಬೇಕು?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ.

ನಿಜ, ಕೊಡುತ್ತಾರೆ. ಇದಕ್ಕೆ ಬೇರ್‌ಬೋಟ್ ಅನ್ನುತ್ತಾರೆ. ಬರೀ ದೋಣಿ, ಅಷ್ಟೇ. ಚುಕ್ಕಾಣಿ ಹಿಡಿಯುವವರಿಲ್ಲ, ಅಡುಗೆಯವರಿಲ್ಲ, ಹಗ್ಗ ಎಳೆಯುವವರಿಲ್ಲ. ಎಲ್ಲಾ ನೀವೇ.

ನಾನಿಲ್ಲಿ ಕೆರಿಬಿಯನ್‌ನ ಬ್ರಿಟಿಷ್ ವರ್ಜಿನ್ ದ್ವೀಪಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ಮೊದಲ ಸಲಕ್ಕೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ದ್ವೀಪಗಳೆಲ್ಲ ಹತ್ತಿರ ಹತ್ತಿರ. ಒಂದರಿಂದ ಹೊರಡುವಾಗಲೇ ಮುಂದಿನದು ಕಾಣುತ್ತಿರುತ್ತದೆ. ನಡುವಿನ ಸರ್ ಫ್ರಾನ್ಸಿಸ್ ಡ್ರೇಕ್ ಚಾನಲ್‌ಗೆ ಎರಡೂ ಕಡೆ ದ್ವೀಪಗಳ ಸಾಲು ಇರುವುದರಿಂದ ತೆರೆದ ಸಮುದ್ರದ ದೊಡ್ಡ ಅಲೆಗಳು ಒಳಗೆ ಅಷ್ಟಾಗಿ ಬರುವುದಿಲ್ಲ. ಉಬ್ಬರ ಇಳಿತದ ವ್ಯತ್ಯಾಸ ಅರ್ಧ ಮೀಟರ್ ಕೂಡ ಇಲ್ಲ. ಗಾಳಿ ವರ್ಷದ ಬಹುಪಾಲು ಪೂರ್ವದ ಕಡೆಯಿಂದಲೇ ಬೀಸುತ್ತದೆ.

ಆದರೆ ಸುಲಭ ಅಂದ ಕೂಡಲೇ ಜನ ಒಂದು ವಾರಕ್ಕೆ ಹತ್ತು ದ್ವೀಪ ತುರುಕುತ್ತಾರೆ. ಎಡವುವುದು ಅಲ್ಲೇ.

1. ಮೊದಲು ನಿಮ್ಮ ಅನುಭವ ಲೆಕ್ಕ ಹಾಕಿ

ಬಾಡಿಗೆ ಕಂಪನಿ ಮೊದಲು ಕೇಳುವುದು ನಿಮ್ಮ ಸೇಲಿಂಗ್ ರೆಸ್ಯೂಮೆ. ಎಷ್ಟು ಅಡಿ ಉದ್ದದ ದೋಣಿ ನಡೆಸಿದ್ದೀರಿ, ಎಷ್ಟು ದಿನ ನೀವೇ ಕ್ಯಾಪ್ಟನ್ ಆಗಿದ್ದಿರಿ, ರಾತ್ರಿ ಲಂಗರು ಹಾಕಿ ಮಲಗಿದ್ದೀರಾ, ಇಂಥವೇ ಪ್ರಶ್ನೆಗಳು. ಕೆರಿಬಿಯನ್‌ನಲ್ಲಿ ಸಾಮಾನ್ಯವಾಗಿ ಸರ್ಟಿಫಿಕೇಟ್‌ಗಿಂತ ಈ ಅನುಭವಕ್ಕೇ ಬೆಲೆ ಜಾಸ್ತಿ. ಆದರೂ ಅಮೆರಿಕದ ಸೇಲಿಂಗ್ ಸಂಸ್ಥೆ ಎಎಸ್‌ಎಯ 104 ಅಥವಾ ಬ್ರಿಟನ್ನಿನ ಸೇಲಿಂಗ್ ಸಂಸ್ಥೆ ಆರ್‌ವೈಎಯ ಡೇ ಸ್ಕಿಪ್ಪರ್ ಮಟ್ಟದ ಕೋರ್ಸ್ ಮಾಡಿದ್ದರೆ ಮಾತುಕತೆ ಬೇಗ ಮುಗಿಯುತ್ತದೆ, ನಿಮಗೂ ಧೈರ್ಯ ಇರುತ್ತದೆ.

ಇಲ್ಲಿ ಉತ್ಪ್ರೇಕ್ಷೆ ಬೇಡ. ಕೆರೆಯಲ್ಲಿ ಸಣ್ಣ ದೋಣಿ ಓಡಿಸಿದವರು 45 ಅಡಿ ಅಂತ ಬರೆದರೆ, ದೋಣಿ ಕೈಗೆ ಕೊಡುವ ದಿನ ಮೊದಲ ಅರ್ಧ ಗಂಟೆಯಲ್ಲೇ ಬಣ್ಣ ಬಯಲಾಗುತ್ತದೆ. ಅನುಮಾನ ಬಂದರೆ ಕಂಪನಿಯವರೇ ಒಬ್ಬ ಸ್ಕಿಪ್ಪರ್‌ನನ್ನು, ಅಂದರೆ ಕೂಲಿ ಕ್ಯಾಪ್ಟನ್‌ನನ್ನು, ಹತ್ತಿಸುತ್ತಾರೆ, ಅವರ ದಿನಗೂಲಿ ಮತ್ತು ಊಟ ನಿಮ್ಮ ಖರ್ಚು. ಅನುಭವ ಕಡಿಮೆ ಇದ್ದರೆ ಮೊದಲ ಎರಡು ದಿನಕ್ಕೆ ನೀವೇ ಕೇಳಿ ಸ್ಕಿಪ್ಪರ್ ಇಟ್ಟುಕೊಳ್ಳಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ, ಎಷ್ಟೋ ಜನ ಹಾಗೇ ಕಲಿತವರು.

ಇನ್ನೊಂದು ಮಾತು. ನೀವೊಬ್ಬರೇ ಬಲ್ಲವರಾದರೆ ಸಾಲದು. ನಿಮಗೆ ಜ್ವರ ಬಂದರೆ ದೋಣಿಯನ್ನು ದಡದ ಹತ್ತಿರ ತಂದು ನಿಲ್ಲಿಸುವಷ್ಟು ತಿಳಿದವರು ಇನ್ನೊಬ್ಬರಾದರೂ ಇರಲೇಬೇಕು.

2. ಯಾವಾಗ ಹೋಗಬೇಕು

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಹವೆ. ಜನವೂ ಜಾಸ್ತಿ, ಬೆಲೆಯೂ ಜಾಸ್ತಿ. ಕ್ರಿಸ್‌ಮಸ್ ಮತ್ತು ಹೊಸವರ್ಷದ ವಾರಗಳಂತೂ ಎಲ್ಲಕ್ಕಿಂತ ದುಬಾರಿ, ಗಾಳಿಯೂ ಆಗಲೇ ಜೋರು. ಅಲ್ಲಿಯವರು ಇದನ್ನು ಕ್ರಿಸ್‌ಮಸ್ ಗಾಳಿ ಅಂತಲೇ ಕರೆಯುತ್ತಾರೆ. 25 ನಾಟ್ ಗಾಳಿ ದಿನಗಟ್ಟಲೆ ಬೀಸುವುದುಂಟು. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್, ಅಂದರೆ ಇದು ಗಂಟೆಗೆ 46 ಕಿಲೋಮೀಟರ್ ವೇಗದ ಗಾಳಿ. ಮೊದಲ ಸಲಕ್ಕೆ ಬೇಡ.

ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗಸ್ಟ್‌ನಿಂದ ಅಕ್ಟೋಬರ್ ಅತಿ ಅಪಾಯ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಬಂದು ಇಲ್ಲಿನ ಬಾಡಿಗೆ ದೋಣಿಗಳನ್ನು ರಾಶಿ ರಾಶಿಯಾಗಿ ದಡಕ್ಕೆ ಎಸೆದಿತ್ತು. ಆ ತಿಂಗಳುಗಳಲ್ಲಿ ಬಾಡಿಗೆ ಅಗ್ಗವಾಗಿರುವುದಕ್ಕೆ ಕಾರಣ ಇದೇ.

ನನ್ನನ್ನು ಕೇಳಿದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲವರೆಗೆ ಸರಿಯಾದ ಸಮಯ. ಗಾಳಿ ಹಿತವಾಗಿರುತ್ತದೆ, ದೋಣಿ ನಿಲ್ಲಿಸುವ ಜಾಗಕ್ಕೆ ಜಗಳವಿಲ್ಲ, ದರವೂ ಇಳಿದಿರುತ್ತದೆ.

3. ಯಾವ ದೋಣಿ

ಮಾನೋಹಲ್ ಅಂದರೆ ಒಂದೇ ಒಡಲಿನ ದೋಣಿ. ಗಾಳಿಗೆ ಒಂದು ಕಡೆ ವಾಲಿಕೊಂಡು ಓಡುತ್ತದೆ. ಬಾಡಿಗೆ ಕಡಿಮೆ, ಗಾಳಿಯ ಎದುರು ದಿಕ್ಕಿಗೂ ಚೆನ್ನಾಗಿ ಏರುತ್ತದೆ. ಕ್ಯಾಟಮರಾನ್ ಅಂದರೆ ಎರಡು ಒಡಲಿನದು. ವಾಲುವುದಿಲ್ಲ, ಜಾಗ ಧಾರಾಳ, ಮೇಜಿನ ಮೇಲಿಟ್ಟ ಲೋಟ ಹಾಗೇ ಇರುತ್ತದೆ. ಬಾಡಿಗೆ ಮಾತ್ರ ಬಹಳ ಹೆಚ್ಚು, ಎದುರುಗಾಳಿಗೆ ಮೊಂಡು ಹಿಡಿಯುತ್ತದೆ. ಮಕ್ಕಳು, ವಯಸ್ಸಾದವರು, ಓಕರಿಕೆ ಬರುವವರು ಇದ್ದರೆ ಕ್ಯಾಟಮರಾನ್. ಹಾಯಿ ನಡೆಸುವ ಖುಷಿಯೇ ಮುಖ್ಯ ಅಂದರೆ ಮಾನೋಹಲ್.

ಎಂಟು ಜನ ಮಲಗಬಹುದು ಅಂತ ಜಾಹೀರಾತಿನಲ್ಲಿದ್ದರೆ ಆರು ಜನ ಹೋಗಿ. ಊಟದ ಮೇಜನ್ನೇ ಇಳಿಸಿ ಹಾಸಿಗೆ ಮಾಡುವುದನ್ನೂ ಅವರು ಲೆಕ್ಕಕ್ಕೆ ಸೇರಿಸಿರುತ್ತಾರೆ. ಮೂರನೇ ರಾತ್ರಿಗೆ ಆ ಹಾಸಿಗೆ ಯಾರ ಪಾಲಿಗೆ ಬಿತ್ತೋ ಅವರ ಮುಖ ನೋಡಿ, ಗೊತ್ತಾಗುತ್ತದೆ.

4. ಕಾಗದಪತ್ರ ಮತ್ತು ದುಡ್ಡು

ಹೆಸರಿನಲ್ಲಿ ಬ್ರಿಟಿಷ್ ಇದ್ದರೂ ಇಲ್ಲಿ ನಡೆಯುವುದು ಅಮೆರಿಕನ್ ಡಾಲರ್. ದೋಣಿಯ ಬಾಡಿಗೆ ಅನ್ನುವುದು ಪಟ್ಟಿಯ ಮೊದಲ ಸಾಲು ಮಾತ್ರ. ಅದರ ಕೆಳಗೆ ವಿಮೆ, ಠೇವಣಿ, ತಲೆಗೆ ದಿನಕ್ಕೆ ಇಷ್ಟು ಅಂತ ಕ್ರೂಸಿಂಗ್ ಪರ್ಮಿಟ್ (ಇಲ್ಲಿನ ನೀರಿನಲ್ಲಿ ದೋಣಿ ಸುತ್ತಿಸುವ ಪರವಾನಗಿ), ರಾಷ್ಟ್ರೀಯ ಉದ್ಯಾನದ ಶುಲ್ಕ, ರಾತ್ರಿ ನಿಲ್ಲಿಸುವ ಬಾಡಿಗೆ, ಡೀಸೆಲ್, ನೀರು, ದಿನಸಿ ಎಲ್ಲ ಸಾಲುಗಟ್ಟಿ ಬರುತ್ತವೆ. ಮುಂಗಡ ಕೊಡುವ ಮೊದಲೇ ಪೂರ್ತಿ ಪಟ್ಟಿ ಬರಹದಲ್ಲಿ ತರಿಸಿಕೊಳ್ಳಿ. ಡ್ಯಾಮೇಜ್ ವೇವರ್ ಅನ್ನುವ ಮಾತು ಒಪ್ಪಂದದಲ್ಲಿ ಬಂದೇ ಬರುತ್ತದೆ. ಮೊದಲೇ ಒಂದಿಷ್ಟು ಹಣ ಕಟ್ಟಿ, ದೋಣಿಗೆ ಪೆಟ್ಟಾದರೆ ನಿಮ್ಮ ತಲೆ ಮೇಲೆ ಬರುವ ಮೊತ್ತವನ್ನು ತಗ್ಗಿಸಿಕೊಳ್ಳುವ ವ್ಯವಸ್ಥೆ ಅದು. ಅದರಲ್ಲಿ ಡಿಂಗಿ, ಅಂದರೆ ದಡಕ್ಕೆ ಹೋಗಿಬರುವ ಸಣ್ಣ ಮೋಟಾರು ದೋಣಿ, ಸೇರಿದೆಯಾ ಅಂತ ಕೇಳಿ. ಎಷ್ಟೋ ಸಲ ಸೇರಿರುವುದಿಲ್ಲ.

ಮೀನು ಹಿಡಿಯುವ ಆಸೆ ಇದ್ದರೆ ಹೊರಗಿನವರಿಗೆ ಪ್ರತ್ಯೇಕ ಪರವಾನಗಿ ಬೇಕು. ಗಾಳ ಬಿಟ್ಟಮೇಲೆ ಕೇಳಬೇಡಿ.

ಈಗ ಬಹಳ ಜನ ಕೈ ಸುಟ್ಟುಕೊಳ್ಳುವ ವಿಷಯ. ಪಕ್ಕದಲ್ಲೇ ಅಮೆರಿಕದ ವರ್ಜಿನ್ ದ್ವೀಪಗಳಿವೆ. ಸೇಂಟ್ ಜಾನ್ ದ್ವೀಪ ಕಲ್ಲೆಸೆದರೆ ಬೀಳುವಷ್ಟು ಹತ್ತಿರ ಕಾಣುತ್ತದೆ. ಆದರೆ ನಡುವೆ ಇರುವುದು ಎರಡು ದೇಶಗಳ ಗಡಿ. ಸುಮ್ನೆ ಈಜಾಡಿ ಬರೋಣ ಅಂತ ಹೋಗುವಂತಿಲ್ಲ. ಈ ಕಡೆಯ ಕಚೇರಿಯಲ್ಲಿ ಹೊರಟ ಮುದ್ರೆ, ಆ ಕಡೆ ಕ್ರೂಜ್ ಬೇಯಂಥ ಬಂದರಿನಲ್ಲಿ ಪ್ರವೇಶದ ಮುದ್ರೆ, ವಾಪಸ್ ಬರುವಾಗ ಮತ್ತೆ ಅದೇ ಕಥೆ. ಇನ್ನೊಂದು ಸಿಕ್ಕು ಇದೆ: ವೀಸಾ ಇಲ್ಲದೆ ಅಮೆರಿಕಕ್ಕೆ ವಿಮಾನದಲ್ಲಿ ಹೋಗಬಹುದಾದ ದೇಶಗಳವರಿಗೂ ಇಂಥ ಖಾಸಗಿ ದೋಣಿಯಲ್ಲಿ ಹೋದರೆ ಆ ಸೌಲಭ್ಯ ಸಿಗುವುದಿಲ್ಲ, ಪಾಸ್‌ಪೋರ್ಟ್‌ನಲ್ಲಿ ವೀಸಾ ಇರಲೇಬೇಕು. ಒಂದು ವಾರದ ಪ್ರವಾಸವಾದರೆ ಒಂದೇ ಕಡೆಯ ದ್ವೀಪಗಳಲ್ಲಿ ಇರಿ. ಗಡಿ ದಾಟುವುದಕ್ಕೇ ಅರ್ಧ ದಿನ ಹೋಗುತ್ತದೆ.

ಬರುವ ದಾರಿಯನ್ನೂ ಹಾಗೇ ನೋಡಿಕೊಳ್ಳಿ. ಇಲ್ಲಿನ ಮುಖ್ಯ ದ್ವೀಪ ಟೊರ್ಟೊಲಾದ ವಿಮಾನ ನಿಲ್ದಾಣ ಬೀಫ್ ಐಲೆಂಡ್‌ನಲ್ಲಿದೆ, ಸೇತುವೆ ದಾಟಿದರೆ ಟೊರ್ಟೊಲಾ. ಸೇಂಟ್ ಥಾಮಸ್‌ಗೆ ಬಂದು ಅಲ್ಲಿಂದ ಫೆರಿ ಹತ್ತುವುದು ಹಲವರಿಗೆ ಅಗ್ಗ, ಆದರೆ ಅದು ಅಮೆರಿಕದ ನೆಲ.

5. ದಾರಿ ಹಾಕುವುದು

ನಕ್ಷೆ ಹರಡಿಕೊಂಡು ದ್ವೀಪಗಳಿಗೆ ಗುರುತು ಹಾಕುವ ಮೊದಲು ಗಾಳಿಗೆ ಒಂದು ಬಾಣ ಬರೆಯಿರಿ, ಪೂರ್ವದಿಂದ ಪಶ್ಚಿಮಕ್ಕೆ. ದಾರಿಯನ್ನು ತೀರ್ಮಾನಿಸುವುದು ಆ ಬಾಣ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಅಡ್ಡಡ್ಡ ಅಂಕುಡೊಂಕಾಗಿ ಹತ್ತಬೇಕು, ಇದಕ್ಕೆ ಟ್ಯಾಕಿಂಗ್ ಅನ್ನುತ್ತಾರೆ. ನಕ್ಷೆಯಲ್ಲಿ 7 ಮೈಲಿ ಕಂಡದ್ದು ನೀರಿನ ಮೇಲೆ 10, ಕ್ಯಾಟಮರಾನ್ ಆದರೆ ಇನ್ನೂ ಹೆಚ್ಚು. ಇಲ್ಲಿ ಮೈಲಿ ಅಂದರೆ ನಾಟಿಕಲ್ ಮೈಲಿ, 1.85 ಕಿಲೋಮೀಟರ್. ದೋಣಿ ಗಂಟೆಗೆ 5ರಿಂದ 6 ಮೈಲಿ ಹೋಗುತ್ತದೆ ಅಂತ ಇಟ್ಟುಕೊಳ್ಳಿ.

ಒಂದು ವಾರಕ್ಕೆ ನಾನು ಹೇಳುವ ದಾರಿ ಹೀಗೆ. ಮೊದಲ ದಿನ ಟೊರ್ಟೊಲಾದ ರೋಡ್ ಟೌನ್‌ನಿಂದ ನಾರ್ಮನ್ ಐಲೆಂಡ್‌ಗೆ, ಆರೇಳು ಮೈಲಿ. ಗಾಳಿ ಪಕ್ಕದಿಂದ ಸಿಗುತ್ತದೆ, ಕೈ ಪಳಗಿಸಿಕೊಳ್ಳಲು ಒಳ್ಳೆಯದು. ದ ಬೈಟ್ ಅನ್ನುವ ಅಲ್ಲಿನ ಕೊಲ್ಲಿ ದೊಡ್ಡದು, ಗಾಳಿಗೆ ಮರೆಯಾಗಿದೆ. ಮರುದಿನ ಕೂಪರ್ ಐಲೆಂಡ್. ಹೋಗುವಾಗ ಸಾಲ್ಟ್ ಐಲೆಂಡ್ ಹತ್ತಿರ 1867ರ ಚಂಡಮಾರುತದಲ್ಲಿ ಮುಳುಗಿದ ಆರ್‌ಎಂಎಸ್ ರೋನ್ ಹಡಗಿನ ಅವಶೇಷ ನೋಡಬಹುದು. ಮೂರನೇ ದಿನ ವರ್ಜಿನ್ ಗೋರ್ಡಾದ ದ ಬಾತ್ಸ್. ಮನೆಯಷ್ಟು ದೊಡ್ಡ ಬಂಡೆಗಳ ಸಂದಿಯಲ್ಲಿ ಸಮುದ್ರದ ನೀರು ನಿಂತ ಜಾಗ. ಬೆಳಿಗ್ಗೆ ಬೇಗ ಹೋಗಿ, ಅಲ್ಲಿ ರಾತ್ರಿ ನಿಲ್ಲುವಂತಿಲ್ಲ. ದಡದಲ್ಲಿ ಕೆಂಪು ಬಾವುಟ ಇದ್ದರೆ ಇಳಿಯಬೇಡಿ. ಅಲ್ಲಿಂದ ಅದೇ ದ್ವೀಪದ ತುದಿಯಲ್ಲಿರುವ ನಾರ್ತ್ ಸೌಂಡ್‌ಗೆ ಹೋಗಿ ಎರಡು ರಾತ್ರಿ ಇರಿ. ಹೌದು, ಎರಡು. ಒಂದು ದಿನ ದೋಣಿ ಅಲ್ಲಾಡಿಸಲೇಬೇಡಿ.

ಇಲ್ಲಿಗೆ ಎದುರುಗಾಳಿಯ ದಾರಿ ಬಹುಪಾಲು ಮುಗಿಯಿತು, ಅದೂ ಸಣ್ಣ ಸಣ್ಣ ತುಂಡುಗಳಲ್ಲಿ. ಇನ್ನು ಗಾಳಿ ಬೆನ್ನಿಗೆ. ಟೊರ್ಟೊಲಾದ ಉತ್ತರದ ಕಡೆಯಿಂದ ಇಳಿದು ಜೋಸ್ಟ್ ವ್ಯಾನ್ ಡೈಕ್, ಅಲ್ಲಿಂದ ವಾಪಸ್. ಆದರೆ ಜೋಸ್ಟ್‌ನಿಂದ ರೋಡ್ ಟೌನ್‌ಗೆ ಬರುವಾಗ ಮತ್ತೆ ಎದುರುಗಾಳಿ. ಇದನ್ನು ಮರೆತು ಕೊನೆಯ ಬೆಳಿಗ್ಗೆ ನಿಧಾನವಾಗಿ ಹೊರಟವರು ಅರ್ಧ ದಾರಿಯಲ್ಲಿ ಗಡಿಯಾರ ನೋಡುತ್ತಾ ಎಂಜಿನ್ ಕಿರುಚಿಸುತ್ತಿರುತ್ತಾರೆ.

ಚಳಿಗಾಲದಲ್ಲಿ ಉತ್ತರದ ಕಡೆಗೆ ಒಂದು ಎಚ್ಚರಿಕೆ. ದೂರದ ಅಟ್ಲಾಂಟಿಕ್ ಬಿರುಗಾಳಿಗಳಿಂದ ಉದ್ದುದ್ದ ಅಲೆಗಳು ಬರುತ್ತವೆ, ಗ್ರೌಂಡ್ ಸ್ವೆಲ್ ಅಂತ ಹೆಸರು. ಇಲ್ಲಿ ಗಾಳಿಯೇ ಇಲ್ಲದಿದ್ದರೂ ಅವು ಬರುತ್ತವೆ. ಅಂಥ ದಿನ ಕೇನ್ ಗಾರ್ಡನ್ ಬೇ ಮುಂತಾದ ಉತ್ತರ ದಡದ ಕೊಲ್ಲಿಗಳಲ್ಲಿ ರಾತ್ರಿ ತಂಗಬಾರದು.

ಅನೆಗಾಡಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಳಿದವೆಲ್ಲ ಬೆಟ್ಟದ ದ್ವೀಪಗಳು, ಇದು ಹವಳದ್ದು. ಅತಿ ಎತ್ತರದ ಜಾಗವೇ 8.5 ಮೀಟರ್. ನಾರ್ತ್ ಸೌಂಡ್‌ನಿಂದ ಸುಮಾರು 15 ಮೈಲಿ. ಬಹಳ ಹೊತ್ತು ಏನೂ ಕಾಣದೆ, ಆಮೇಲೆ ನೀರಿನಿಂದಲೇ ಎದ್ದ ಹಾಗೆ ಮರಗಳ ತಲೆ ಕಾಣುತ್ತದೆ. ಅದರ ಹಾರ್ಸ್‌ಶೂ ರೀಫ್ ಅನ್ನುವ ಹವಳದ ದಿಬ್ಬಕ್ಕೆ ಬಡಿದು ಮುಳುಗಿದ ಹಡಗುಗಳು ನೂರಾರು. ಕೆಲವು ಕಂಪನಿಗಳು ಹೋಗಲು ಬಿಡುವುದೇ ಇಲ್ಲ, ಮೊದಲು ಕೇಳಿ. ಬಿಟ್ಟರೂ ಬೆಳಿಗ್ಗೆಯೇ ಹೊರಡಿ, ಸೂರ್ಯ ನೆತ್ತಿಯ ಮೇಲಿರುವಾಗ ತಲುಪಿ. ಮೊದಲ ಪ್ರವಾಸದಲ್ಲಿ ಇದನ್ನು ಬಿಟ್ಟರೆ ನಷ್ಟವೇನೂ ಇಲ್ಲ.

ನೀರಿನ ಬಣ್ಣ ಓದುವುದನ್ನು ಕಲಿಯಿರಿ. ಕಡು ನೀಲಿ ಅಂದರೆ ಆಳ. ತಿಳಿ ಹಸಿರು ನೀಲಿ ಅಂದರೆ ಕೆಳಗೆ ಮರಳು, ಆಳ ಕಡಿಮೆ. ಕಂದು ಅಥವಾ ಹಳದಿ ಮಿಶ್ರಿತ ಕಂದು ಅಂದರೆ ಹವಳ, ಅಲ್ಲಿಗೆ ಹೋಗಬೇಡಿ. ಬಿಸಿಲು ಬೆನ್ನಿಗೆ ಅಥವಾ ನೆತ್ತಿಗೆ ಇದ್ದಾಗ ಮಾತ್ರ ಇದು ಸರಿಯಾಗಿ ಕಾಣುತ್ತದೆ. ಪೋಲರೈಸ್ಡ್ ಕನ್ನಡಕ ಶೋಕಿಗಲ್ಲ, ಇದಕ್ಕೆ.

ತೇಲುವ ಗುರುತುಗಳ ವಿಷಯವೂ ಹೇಳಿಬಿಡುತ್ತೇನೆ. ಅಮೆರಿಕ ಖಂಡಗಳಲ್ಲಿ, ಕೆರಿಬಿಯನ್ ಸೇರಿ, ಬಂದರಿಗೆ ಒಳಬರುವಾಗ ಕೆಂಪು ಬುರುಡೆ (ದಾರಿ ತೋರಿಸಲು ನೀರಿನಲ್ಲಿ ತೇಲಬಿಟ್ಟ ಗುರುತು, ಇಂಗ್ಲಿಷಿನ ಬಾಯ್) ಬಲಕ್ಕಿರಬೇಕು. ಯುರೋಪ್, ಆಫ್ರಿಕಾ, ಏಷ್ಯಾದ ಬಹುಭಾಗದಲ್ಲಿ ಕೆಂಪು ಎಡಕ್ಕೆ. ಅಲ್ಲಿ ಕಲಿತು ಇಲ್ಲಿ ಬಂದವರು ಇದನ್ನು ಚೀಟಿಯಲ್ಲಿ ಬರೆದು ಚುಕ್ಕಾಣಿಯ ಹತ್ತಿರ ಅಂಟಿಸಿಕೊಳ್ಳಿ.

6. ಸಾಮಾನು, ದಿನಸಿ, ನೀರು

ಗಟ್ಟಿ ಸೂಟ್‌ಕೇಸ್ ಬೇಡ. ದೋಣಿಯಲ್ಲಿ ಅದನ್ನಿಡಲು ಜಾಗವೇ ಇಲ್ಲ, ಮಡಚಿಡಬಹುದಾದ ಬಟ್ಟೆಯ ಚೀಲ ತನ್ನಿ. ನೀವು ತರುತ್ತೀರಿ ಅಂದುಕೊಂಡ ಬಟ್ಟೆಯ ಅರ್ಧ ಸಾಕು. ತುಂಬುತೋಳಿನ ತೆಳು ಅಂಗಿ, ದಾರ ಇರುವ ಟೋಪಿ, ತಲೆಗೆ ಕಟ್ಟುವ ಟಾರ್ಚ್, ಓಕರಿಕೆ ಮಾತ್ರೆ ಮರೆಯಬೇಡಿ. ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಅದು ಒಳಗೆ ನಿಲ್ಲುವುದಿಲ್ಲ. ಸನ್‌ಸ್ಕ್ರೀನ್ ಝಿಂಕ್ ಆಕ್ಸೈಡ್‌ನದು ತನ್ನಿ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಇರುವ ಕ್ರೀಮ್‌ಗಳನ್ನು ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ 2020ರಿಂದ ನಿಷೇಧಿಸಿದ್ದಾರೆ.

ದಿನಸಿಯನ್ನು ಎಲ್ಲ ಊಟಕ್ಕೂ ಲೆಕ್ಕ ಹಾಕಿ ತರಬೇಡಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಪೂರ್ತಿ, ರಾತ್ರಿಯದು ಅರ್ಧ ಸಾಕು. ಉಳಿದ ರಾತ್ರಿ ದಡದಲ್ಲಿ ತಿನ್ನುತ್ತೀರಿ. ರಟ್ಟಿನ ಡಬ್ಬಗಳನ್ನು ದೋಣಿಗೆ ಹತ್ತಿಸಬೇಡಿ, ಜಿರಲೆ ಮೊಟ್ಟೆ ಅವುಗಳ ಜೊತೆಗೇ ಬರುತ್ತದೆ.

ನೀರು ಖರ್ಚಾಗುವುದು ಕುಡಿದಲ್ಲ, ಸ್ನಾನದಿಂದ. ಸಮುದ್ರದಲ್ಲಿ ಮುಳುಗಿ, ಸೋಪು ಹಚ್ಚಿ, ಮತ್ತೆ ಮುಳುಗಿ, ಕೊನೆಗೆ ಸಿಹಿನೀರು ಒಂದೇ ನಿಮಿಷ. ಕರೆಂಟ್ ಕೂಡ ಹಾಗೇ. ಫ್ರಿಜ್ ಬ್ಯಾಟರಿಯನ್ನು ತಿಂದುಹಾಕುತ್ತದೆ, ಸೋಲಾರ್ ಸಾಲದ ದೋಣಿಯಲ್ಲಿ ದಿನಕ್ಕೆ ಎರಡು ಹೊತ್ತು ಎಂಜಿನ್ ಓಡಿಸಬೇಕಾಗುತ್ತದೆ.

ದೋಣಿಯ ಶೌಚಾಲಯಕ್ಕೆ ನಿಯಮ ಒಂದೇ: ಹೊಟ್ಟೆಯೊಳಗಿಂದ ಬಾರದ್ದು ಅದರೊಳಗೆ ಹೋಗಬಾರದು. ಪೇಪರ್ ಕೂಡ ಬುಟ್ಟಿಗೆ. ಕಟ್ಟಿಕೊಂಡರೆ ಬಿಚ್ಚಿ ತೆಗೆಯುವವರು ಕ್ಯಾಪ್ಟನ್.

7. ದೋಣಿ ಕೈಗೆ ಬರುವ ದಿನ

ಹಿಂದಿನ ಸಂಜೆಯೇ ಬಂದು ದೋಣಿಯಲ್ಲೇ ಮಲಗಿ. ಸ್ಲೀಪ್‌ಅಬೋರ್ಡ್ ಅಂತ ಕೇಳಿದರೆ ಕೊಡುತ್ತಾರೆ. ವಿಮಾನ ಇಳಿದ ದಿನವೇ ಹೊರಡುವ ಯೋಚನೆ ಬೇಡ.

ಬೆಳಿಗ್ಗೆ ಕಂಪನಿಯವರು ದೋಣಿ ತೋರಿಸುವಾಗ ಫೋನ್ ತೆಗೆದು ಪೂರ್ತಿ ವಿಡಿಯೋ ಮಾಡಿ. ಎರಡು ಲಾಭ. ಹಳೆಯ ಗೀರುಗಳಿಗೆ ಸಾಕ್ಷಿ ಸಿಗುತ್ತದೆ, ಯಾವ ಸ್ವಿಚ್ ಯಾವುದಕ್ಕೆ ಅಂತ ಮೂರನೇ ದಿನ ಮರೆತಾಗ ನೋಡಬಹುದು. ಅವರು ಹೇಳಿದ್ದಕ್ಕೆ ತಲೆ ಆಡಿಸುತ್ತಾ ಕೂರಬೇಡಿ. ಲಂಗರನ್ನು ನೀವೇ ಇಳಿಸಿ ಎತ್ತಿ. ಹಾಯಿ ಬಿಚ್ಚಿ ಸುತ್ತಿ. ಡಿಂಗಿಯ ಎಂಜಿನ್ ಸ್ಟಾರ್ಟ್ ಮಾಡಿ. ಲಂಗರು ಎತ್ತುವ ಮೋಟಾರಿನ ಬ್ರೇಕರ್ ಎಲ್ಲಿದೆ ಅಂತ ಕೇಳಿ. ಅದು ಟ್ರಿಪ್ ಆಗುವುದು ಮಳೆ ಗಾಳಿಯ ಹೊತ್ತಿನಲ್ಲೇ. ಒಳಗೆ ಸೇರಿದ ನೀರು ಹೊರಹಾಕುವ ಕೈಪಂಪ್, ಲೈಫ್ ಜಾಕೆಟ್‌ಗಳ ಎಣಿಕೆ, ದೋಣಿಯಿಂದ ದೋಣಿಗೆ ಮಾತಾಡುವ ವಿಎಚ್‌ಎಫ್ ರೇಡಿಯೋ ಇವನ್ನೂ ನೋಡಿ. ತುರ್ತಿಗೆ ಚಾನಲ್ 16, ಇದನ್ನು ಮಕ್ಕಳಿಗೂ ಹೇಳಿಕೊಡಿ.

8. ರಾತ್ರಿಗೆ ನಿಲ್ಲಿಸುವುದು

ಪ್ರವಾಸ ಹಾಳಾಗುವುದು ಹಾಯಿಯಿಂದಲ್ಲ, ಇಲ್ಲಿ. ಅದಕ್ಕೇ ಸ್ವಲ್ಪ ವಿವರವಾಗಿ.

ಹೆಚ್ಚಿನ ಕೊಲ್ಲಿಗಳಲ್ಲಿ ಮೂರಿಂಗ್ ಬಾಲ್ ಇರುತ್ತವೆ. ತಳಕ್ಕೆ ಗಟ್ಟಿಯಾಗಿ ಬಿಗಿದು ಮೇಲೆ ತೇಲಬಿಟ್ಟ ಬುರುಡೆಗಳು ಇವು. ರಾತ್ರಿಗೆ ಇಷ್ಟು ಅಂತ ಬಾಡಿಗೆ. ಕೆಲವನ್ನು ಬೋಟಿಬಾಲ್ ಆ್ಯಪ್‌ನಲ್ಲಿ ಕಾದಿರಿಸಬಹುದು, ಉಳಿದವು ಮೊದಲು ಬಂದವರಿಗೆ. ಸೀಸನ್‌ನಲ್ಲಿ ಮಧ್ಯಾಹ್ನ ಒಂದೆರಡು ಗಂಟೆಯೊಳಗೆ ತಲುಪದಿದ್ದರೆ ಸಿಗುವುದು ಅನುಮಾನ.

ಹಿಡಿಯುವ ಕ್ರಮ ಹೀಗೆ. ಗಾಳಿಗೆ ಮುಖ ಮಾಡಿ, ಬಹಳ ನಿಧಾನವಾಗಿ ಬುರುಡೆಯ ಕಡೆಗೆ ಬನ್ನಿ. ಮುಂಭಾಗದಲ್ಲಿ ಒಬ್ಬರು ಕೊಕ್ಕೆ ಕೋಲು ಹಿಡಿದು ಮಂಡಿಯೂರಿರಲಿ. ಬುರುಡೆ ಚುಕ್ಕಾಣಿ ಹಿಡಿದವರ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಮುಂದಿನವರು ಕೈಯನ್ನು ಅದರ ಕಡೆಗೇ ಚಾಚಿಟ್ಟುಕೊಂಡಿರಬೇಕು. ಕೂಗಾಟ ಬೇಡ. ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗಿ, ಉಳಿದ ಅರ್ಧ ಬೈಗುಳದ ಹಾಗೆ ಕೇಳುತ್ತದೆ. ಬುರುಡೆಯ ಹಗ್ಗದ ಕುಣಿಕೆ ಸಿಕ್ಕಿದ ಮೇಲೆ ಅದನ್ನೇ ದೋಣಿಗೆ ಸಿಕ್ಕಿಸಬೇಡಿ. ನಿಮ್ಮ ಹಗ್ಗವನ್ನು ಆ ಕುಣಿಕೆಯೊಳಗೆ ತೂರಿಸಿ ವಾಪಸ್ ತಂದು ಅದೇ ಬದಿಯಲ್ಲಿ ಕಟ್ಟಿ. ಇನ್ನೊಂದು ಬದಿಯಿಂದ ಇನ್ನೊಂದು ಹಗ್ಗ. ತಪ್ಪಿಹೋದರೆ ಎಳೆದಾಡಬೇಡಿ. ಬಿಟ್ಟು ಸುತ್ತು ಹಾಕಿ ಮತ್ತೆ ಬನ್ನಿ. 12 ಟನ್ ದೋಣಿಯ ಜೊತೆ ತೋಳುಬಲ ನಡೆಯುವುದಿಲ್ಲ.

ಲಂಗರು ಹಾಕುವುದಾದರೆ ತಿಳಿ ಬಣ್ಣದ ಮರಳು ನೋಡಿ ಹಾಕಿ, ಹವಳದ ಮೇಲೆ ಖಂಡಿತ ಬೇಡ. ಸರಪಳಿ ಎಷ್ಟು ಬಿಡಬೇಕು ಅನ್ನುವುದಕ್ಕೆ ಸ್ಕೋಪ್ ಅನ್ನುತ್ತಾರೆ. ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರ ಸೇರಿಸಿ ಕನಿಷ್ಠ ಐದು ಪಟ್ಟು. ಆಳ 5 ಮೀಟರ್, ಮೂತಿ 1 ಮೀಟರ್ ಆದರೆ 30 ಮೀಟರ್. ಗಾಳಿ ಜೋರಿದ್ದರೆ ಏಳು ಪಟ್ಟು, 42 ಮೀಟರ್. ಸರಪಳಿ ಗುಡ್ಡೆಯಾಗಿ ಬೀಳದಂತೆ ದೋಣಿ ಹಿಂದೆ ಸರಿಯುತ್ತಿದ್ದ ಹಾಗೆ ಬಿಡುತ್ತಾ ಹೋಗಿ, ಕೊನೆಗೆ ಎಂಜಿನ್ ರಿವರ್ಸ್‌ನಲ್ಲಿ ನಿಧಾನವಾಗಿ ಏರಿಸಿ ಎಳೆದು ನೋಡಿ. ದಡದ ಒಂದು ಮರ, ಅದರ ಹಿಂದಿನ ಒಂದು ಮನೆ ಗುರುತಿಟ್ಟುಕೊಳ್ಳಿ. ಅವೆರಡೂ ಒಂದೇ ಸಾಲಿನಲ್ಲಿದ್ದರೆ ಲಂಗರು ಕಚ್ಚಿದೆ. ಆಮೇಲೆ ಈಜುಗನ್ನಡಕ ಹಾಕಿ ಹೋಗಿ ಕಣ್ಣಾರೆ ನೋಡಿ ಬನ್ನಿ. ಮೂರಿಂಗ್ ಬಾಲ್‌ನ ಹಗ್ಗವನ್ನೂ ಹೀಗೇ ನೋಡಿ, ಸವೆದಿದ್ದರೆ ಬೇರೆ ಹಿಡಿಯಿರಿ.

ದೋಣಿಯನ್ನು ರಿವರ್ಸ್ ತೆಗೆಯುವ ಮೊದಲು ಒಂದು ಕೆಲಸ: ಹಿಂದೆ ಕಟ್ಟಿದ ಡಿಂಗಿಯ ಹಗ್ಗವನ್ನು ಗಿಡ್ಡ ಮಾಡಿ. ನಾನು ಒಮ್ಮೆ ಮರೆತೆ. ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡು ಎಂಜಿನ್ ಗಕ್ಕನೆ ನಿಂತಿತು. ಪಕ್ಕದ ದೋಣಿಗಳವರು ಸಂಜೆಯ ಲೋಟ ಹಿಡಿದು ನೋಡುತ್ತಿರುವಾಗ, ಅಡುಗೆ ಚಾಕು ಹಿಡಿದು ನೀರಿಗಿಳಿದು ಒಂದು ಗಂಟೆ ಹಗ್ಗ ಕೊಯ್ದೆ.

9. ದಿನದ ಓಟ

ಬೆಳಿಗ್ಗೆ ಹವಾಮಾನ ನೋಡಿಯೇ ಹೊರಡಿ. ಗಾಳಿ 18-20 ನಾಟ್ ದಾಟುವ ಲಕ್ಷಣ ಇದ್ದರೆ ರೀಫ್ ಮಾಡಿ, ಅಂದರೆ ಹಾಯಿಯನ್ನು ಸ್ವಲ್ಪ ಮಡಚಿ ಕಿರಿದು ಮಾಡಿ. ಹೊರಡುವ ಮೊದಲೇ ಮಾಡುವುದು ಎರಡು ನಿಮಿಷದ ಕೆಲಸ. ಅಲೆಯ ನಡುವೆ ಅದೇ ಕುಸ್ತಿ. ದೂರದಲ್ಲಿ ಕಪ್ಪು ಮೋಡದ ಕೆಳಗೆ ಬೂದು ಪರದೆ ಇಳಿದಂತೆ ಕಂಡರೆ ಅದು ಸ್ಕ್ವಾಲ್, ಹತ್ತು ಇಪ್ಪತ್ತು ನಿಮಿಷದ ಗಾಳಿಮಳೆ. ಆಗಲೇ ಹಾಯಿ ಇಳಿಸಿ.

ಕತ್ತಲಲ್ಲಿ ಓಡಿಸುವುದನ್ನು ಬಾಡಿಗೆ ಒಪ್ಪಂದವೇ ನಿಷೇಧಿಸಿರುತ್ತದೆ. ಇಲ್ಲಿ ಸೂರ್ಯ ಮುಳುಗಿದ ಮೇಲೆ ಸಂಜೆಬೆಳಕು ಅರ್ಧ ಗಂಟೆಯೂ ನಿಲ್ಲುವುದಿಲ್ಲ.

ಡಿಂಗಿಯಲ್ಲಿ ಕಿಲ್ ಕಾರ್ಡ್ ಅನ್ನು ಯಾವಾಗಲೂ ಕೈಗೆ ಸಿಕ್ಕಿಸಿಕೊಳ್ಳಿ. ನೀವು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ದಾರ ಅದು. ದಡದಲ್ಲಿ ಸಣ್ಣ ಹಸಿರು ಸೇಬಿನಂಥ ಹಣ್ಣು ಬಿದ್ದಿದ್ದರೆ ಮುಟ್ಟಬೇಡಿ. ಅದು ಮಾಂಚಿನೀಲ್, ಹಣ್ಣೂ ವಿಷ, ಹಾಲೂ ವಿಷ. ಮಳೆ ಬಂತು ಅಂತ ಆ ಮರದ ಕೆಳಗೆ ನಿಂತರೆ ತೊಟ್ಟಿಕ್ಕುವ ನೀರಿಗೇ ಮೈ ಬೊಬ್ಬೆ ಏಳುತ್ತದೆ.

10. ವಾಪಸ್ ಕೊಡುವುದು

ಕೊನೆಯ ರಾತ್ರಿ ಬಂದರಿನಿಂದ ಒಂದೆರಡು ಗಂಟೆಯ ದೂರದಲ್ಲಿರಿ. ಪೀಟರ್ ಐಲೆಂಡ್ ಕಡೆ ಆದರೆ ಚೆನ್ನ. ದೋಣಿ ಒಪ್ಪಿಸುವ ಹೊತ್ತು ಸಾಮಾನ್ಯವಾಗಿ ಮಧ್ಯಾಹ್ನದ ಒಳಗೆ, ತಡವಾದರೆ ದಂಡ. ಡೀಸೆಲ್ ತುಂಬಿಸುವ ಕಡೆ ಎಲ್ಲರೂ ಅದೇ ಬೆಳಿಗ್ಗೆ ಸಾಲು ನಿಂತಿರುತ್ತಾರೆ. ಏನಾದರೂ ಮುರಿದಿದ್ದರೆ, ಕಳೆದಿದ್ದರೆ ನೀವೇ ಮೊದಲು ಹೇಳಿ. ಮುಳುಗುಗಾರರು ದೋಣಿಯ ಅಡಿಯನ್ನು ಹೇಗಿದ್ದರೂ ನೋಡುತ್ತಾರೆ. ಠೇವಣಿಯ ಲೆಕ್ಕ ಬರಹದಲ್ಲಿ ಕೈಗೆ ಬರುವವರೆಗೆ ಟ್ಯಾಕ್ಸಿ ಹತ್ತಬೇಡಿ, ವಿಮಾನವನ್ನು ಆ ದಿನ ಸಂಜೆಯದ್ದೋ ಮರುದಿನದ್ದೋ ಇಟ್ಟುಕೊಳ್ಳಿ.